ಪಾರಾ ಏರಿದ ಕಡೆ

೧೦ ಡಿಸೆಂಬರ್ ೧೯೫೬, ಸೋಮವಾರ

ಸಕಲ ಲೋಕಗಳ ಸಮಸ್ತ ಪಶುಪಕ್ಷಿಗಳಿಗೂ ಮೈಲೂರ ನಿವಾಸಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾನು ಇಂದಿನಿಂದ ಎಡದಿಂದ ಬಲಕ್ಕೆ ಬರೆಯಲಾರಂಭಿಸಿದ್ದೇನೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇದು ಹುಟ್ಟಿದಾಗಿನಿಂದ ಬಲದಿಂದ ಎಡಕ್ಕೆ ಓಡಿದ ಕೈ. ಭಾಲ್ಕಿಯ ಸಾಲೆಯಲ್ಲಿ ಉರ್ದು ಕಲಿತು, ಬೀದರದ ನೀರಿನ ಕಚೇರಿಯಲ್ಲಿ ಉರ್ದು ಬರೆದು ಹೊಟ್ಟೆ ಹೊರೆದ ಕೈ. ಇವತ್ತು ಈ ದಿನಚರಿಯನ್ನು ಸಹ ಅಭ್ಯಾಸಬಲದಿಂದ ಕೊನೆಯ ಪುಟದಿಂದಲೇ ಶುರು ಮಾಡಿ, ನಾಲ್ಕು ಸಾಲು ಬರೆದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಕಾರಣ ಹೇಳುತ್ತೇನೆ. ಕಳೆದ ತಿಂಗಳು ಒಂದನೆಯ ತಾರೀಖಿಗೆ ನಾವೆಲ್ಲ ಹೈದರಾಬಾದಿನವರಾಗಿ ಮಲಗಿ ಮೈಸೂರಿನವರಾಗಿ ಎದ್ದೆವು. ಎದ್ದು ನೋಡಿದರೆ ಕಚೇರಿಯಲ್ಲಿ ಕನ್ನಡ ಬರೆಯಬಲ್ಲವನು ನಾನೊಬ್ಬನೇ. ಅದೂ ಎಂಥ ಕನ್ನಡ? ಸಾಯಗಾಂವದ ಮಠದ ಐನೋರ ಹತ್ತಿರ ಪುರಾಣ ಓದಲು ಕಲಿತದ್ದು. ಆಡುವಾಗ ನಾನು ಎಲ್ಲರಂತೆ ಆಡುತ್ತೇನೆ. ಬರೆಯಲು ಕೂತರೆ ಮಾತ್ರ, ಚಹಾ ಕೇಳಿದರೂ ವರ ಬೇಡಿದ ಹಾಗೆ ಕೇಳಿಸುತ್ತದೆ. ಆದರೂ ಗುಮಾಸ್ತನಾಗಿದ್ದ ಮಚ್ಛೇಂದ್ರ ಇವತ್ತಿನಿಂದ ಕಚೇರಿಯ ತರ್ಜುಮೆದಾರ. ಮೈಸೂರು ಕಡೆಯಿಂದ ಬರುತ್ತಿರುವ ಹೊಸ ಓವರ್‌ಸಿಯರ್ ಸಾಹೇಬರಿಗೂ ನಮ್ಮ ಜನರಿಗೂ ನಡುವೆ ನಾನೇ ಸೇತುವೆ.

ಹೆಂಡತಿ ಅಂಜನಾಬಾಯಿಗೆ ಈ ಸುದ್ದಿ ಹೇಳಿದೆ. ಆಕೆ ತಲೆಯ ಮೇಲೆ ಒಂದು ಕೊಡ, ಸೊಂಟದ ಮೇಲೆ ಒಂದು ಕೊಡ ಹೊತ್ತು ಬಾವಿಯಿಂದ ಬರುತ್ತಿದ್ದಳು.

“ಸೇತುವಿ ಆಗೋದು ಆಮ್ಯಾಲ ಆಗ್ರಿ,” ಅಂದಳು. “ಮೊದಲ ಈ ಕೊಡ ಇಳಸ್ರಿ.”

೧೪ ಡಿಸೆಂಬರ್, ಶುಕ್ರವಾರ

ಓವರ್‌ಸಿಯರ್ ಚೆನ್ನಿಗರಾಯಪ್ಪನವರು ಆಗಮಿಸಿದರು. ತಿಪಟೂರು ಕಡೆಯವರು. ತೆಳ್ಳಗೆ, ಕನ್ನಡಕ, ಕುತ್ತಿಗೆಗೆ ಮಫ್ಲರು. ಜೋಳದ ರೊಟ್ಟಿಯನ್ನು ಅವರು ಎರಡೂ ಕೈಯಿಂದ ಹಿಡಿದು ನೋಡಿದ ರೀತಿ, ಯಾರೋ ಕೋರ್ಟಿನ ಸಮನ್ಸು ಕೊಟ್ಟ ಹಾಗಿತ್ತು.

ಮೊದಲು ಕರೆಸಿದ್ದು ನಮ್ಮ ವಾಲ್ಮನ್ ಅಬ್ದುಲ ವಾಹೀದನನ್ನು. ನೀರಿನ ದೊಡ್ಡ ತೊಟ್ಟಿಯಾದ ಟಾಕಿಯಿಂದ ಎರಡು ಪೈಪು ಹೊರಡುತ್ತವೆ, ಒಂದು ಕೋಟೆಯ ಒಳಗಿನ ಶಹರಕ್ಕೆ, ಒಂದು ನಮ್ಮ ಮೈಲೂರಿಗೆ. ಟಾಕಿಯ ಬುಡದ ಕೋಣೆಯಲ್ಲಿ ಎರಡೂ ಅಕ್ಕಪಕ್ಕ ಮಲಗಿವೆ. ಎರಡರ ವಾಲ್ವುಗಳನ್ನು ಕಬ್ಬಿಣದ ಚಾವಿ ಹಾಕಿ ತಿರುಗಿಸುವವನು ವಾಹೀದ. ನಾವಿಬ್ಬರೂ ಒಂದೇ ತಿಂಗಳು ನೌಕರಿಗೆ ಸೇರಿದವರು. ಅವನಿಗೆ ಕನ್ನಡ ತಿಳಿಯುತ್ತದೆ, ನಮ್ಮ ಕನ್ನಡ. ಮೈಸೂರಿನದು ಅವನಿಗೆ ರೇಡಿಯೋ.

“ಮೈಲೂರಿಗೆ ನಲ್ಲಿ ಸರಿಯಾಗಿ ಬರ್ತಾ ಇಲ್ವಂತೆ. ಯಾಕಪ್ಪಾ?” ಎಂದು ಸಾಹೇಬರು ಕೇಳಿದರು.

ವಾಹೀದ ಬಹಳ ಹೊತ್ತು ಯೋಚಿಸಿದ. ನಂತರ ವಿನಯದಿಂದ ಹೇಳಿದ, “ಸಾಬ್, ನಲ್ಲಿ ತೋ ಕಸಾಯಿ ಕೆ ಪಾಸ್ ಮಿಲ್ತೀ. ಅಪ್ನೇ ಪಾಸ್ ಖಾಲೀ ಪಾನೀ.”

ನಲ್ಲಿ ಕಟುಕನ ಹತ್ತಿರ ಸಿಗುತ್ತದೆ, ನಮ್ಮ ಹತ್ತಿರ ಬರೀ ನೀರು ಎಂದ. ಅವನ ತಪ್ಪಲ್ಲ. ನಮ್ಮಲ್ಲಿ ನೀರು ಬರುವುದು ನಳದಲ್ಲಿ. ನಲ್ಲಿ ಎಂದರೆ ಕಟುಕನ ಅಂಗಡಿಯಲ್ಲಿ ಸಿಗುವ ಮಜ್ಜೆಯ ಎಲುಬು.

“ಏನಂತೆ?” ಎಂದು ಸಾಹೇಬರು ನನ್ನ ಕಡೆ ತಿರುಗಿದರು.

“ಲಗೂನ ತಪಾಸ ಮಾಡ್ತೀನಂತಾನ್ರಿ ಸರ್,” ಅಂದೆ.

ಸಾಹೇಬರಿಗೂ ಸಮಾಧಾನ, ವಾಹೀದನಿಗೂ ಸಮಾಧಾನ. ತರ್ಜುಮೆ ಎಂಬ ವಿದ್ಯೆಯ ಗುಟ್ಟು ನನಗೆ ಮೊದಲ ದಿನವೇ ಹೊಳೆಯಿತು. ಅಂದದ್ದನ್ನೇ ಹೇಳುವುದು ಗಿಳಿಯ ಕೆಲಸ. ಅನ್ನಬೇಕಾಗಿದ್ದುದನ್ನು ಹೇಳುವವನೇ ತರ್ಜುಮೆದಾರ.

೧೯ ಡಿಸೆಂಬರ್, ಬುಧವಾರ

ಕಚೇರಿಗೆ ಮೈಲೂರಿನ ಹೆಂಗಸರ ದಂಡು. ಮುಂದೆ ನಮ್ಮ ಪಕ್ಕದ ಮನೆಯ ಕೇಶರಬಾಯಿ. ಆಕೆ ಖಾಲಿ ಕೊಡವನ್ನು ಸಾಹೇಬರ ಮೇಜಿನ ಮೇಲೆ ಬೋರಲು ಹಾಕಿದಳು. ಒಂದು ಹನಿ ಬೀಳಲಿಲ್ಲ. ಭಾಷಣ ಅಲ್ಲಿಗೇ ಮುಗಿದಿತ್ತು, ಆಕೆ ಮಾತ್ರ ಮುಗಿಸಲಿಲ್ಲ.

“ಇವ ವಾಹೀದ ಅದಾನಲ್ರಿ, ಇವನ ಮನಿ ಶಹರದಾಗ ಅದ. ತನ್ನ ಓಣಿಗಿ ಭರ್ತಿ ಬಿಡ್ತಾನ. ನಮ್ಮ ವಾಲ್ ಕಿವಿ ಹಿಂಡಿ ಕೂಡಸ್ಯಾನ. ನಮ್ಮ ನಳದಾಗ ನೀರ ಬರವಲ್ದು, ಗಾಳಿ ಬರ್ಲತ್ತಾದ, ಗಾಳಿ! ಗಾಳಿಯಿಂದ ಬ್ಯಾಳಿ ಬೇಯಸ್ಲೇನ್ರಿ?”

ವಾಹೀದ ಬಾಗಿಲಲ್ಲೇ ಇದ್ದ. “ಖುದಾ ಕಸಮ್, ಕೇಶರಕ್ಕಾ, ನಿಮ್ಮ ವಾಲ್ವ್ ಪೂರಾ ಬಿಟ್ಟೀನಿ.”

“ಬಿಟ್ರ ನೀರ ಎಲ್ಲಿಗಿ ಹೋಯ್ತೋ? ಹಜ್ಜಕ್ಕ ಹೋಯ್ತೇನು?”

ಎಲ್ಲರೂ ನಕ್ಕರು. ನಾನೂ. ನಮ್ಮ ಮನೆಯ ನಳದಲ್ಲಿಯೂ ಗಾಳಿಯೇ ಬರುತ್ತಿದೆ. ಅಂಜನಾಬಾಯಿಯ ಸೊಂಟ ಹಿಡಿದುಕೊಂಡಿದೆ. ವಾಹೀದ ಒಳ್ಳೆಯವನು, ನಿಜ. ಆದರೆ ಒಳ್ಳೆಯವರಿಗೆ ತಮ್ಮ ಓಣಿ ಇರುವುದಿಲ್ಲವೇ?

೨೨ ಡಿಸೆಂಬರ್, ಶನಿವಾರ

ಸಾಹೇಬರು ಒಂದು ಯಂತ್ರ ತಂದಿದ್ದಾರೆ. ಯಂತ್ರವೆಂದರೆ ಹಲ್ಲು, ಚಕ್ರ ಏನೂ ಇಲ್ಲ. ಗಾಜಿನ ಒಂದು ಕೊಳವೆ, ಕೋಣದ ಕೋಡಿನ ಹಾಗೆ ಬಗ್ಗಿಸಿ ಎರಡೂ ತುದಿ ಮೇಲೆ ಮಾಡಿದ್ದು. ಒಂದು ತುದಿಗೆ ಶಹರದ ಪೈಪಿನಿಂದ ರಬ್ಬರು ನಳಿಗೆ, ಇನ್ನೊಂದಕ್ಕೆ ಮೈಲೂರ ಪೈಪಿನಿಂದ. ಎರಡೂ ವಾಲ್ವು ದಾಟಿದ ಜಾಗದಲ್ಲಿ ಜೋಡಿಸಿದರು. ನಡುವೆ ಬುಡದಲ್ಲಿ ಪಾರಾ, ಅದೇ ಬೆಳ್ಳಿಯ ಹಾಗೆ ಹೊಳೆಯುತ್ತ ಓಡಾಡುವ ಭಾರವಾದ ದ್ರವ. ಎರಡು ಪೈಪುಗಳ ಒತ್ತಡದಲ್ಲಿ ಎಷ್ಟು ಫರಕು ಇದೆ ಎಂಬುದನ್ನು ಇದು ತೋರಿಸುತ್ತದಂತೆ. ಹೆಸರು ಮ್ಯಾನೊಮೀಟರ್. ನಮ್ಮ ಜವಾನ ನರಸಿಂಗ ಆಗಲೇ ಅದನ್ನು ಮಾನಮೀಟರು ಮಾಡಿದ್ದಾನೆ. “ಇದರಾಗ ಮಾನ ಅಳೀತಾರೇನ್ರಿ?” ಎಂದು ಕೇಳಿದ.

ಇನ್ನು ಮುಂದಿನದನ್ನು ಬರೆಯಬಾರದು. ಆದರೆ ಕೈ ಈಗ ಎಡದಿಂದ ಬಲಕ್ಕೆ ಹೊರಟುಬಿಟ್ಟಿದೆ.

ಪಾರಾ ತುಂಬಿದ ಶೀಸೆ ಬಂದಾಗ ನಾನು ಓಡಿಹೋಗಿ ಸಾಹೇಬರಿಗೆ, “ಸರ್, ಪಾರಾ ಆಗ್ಯಾದ್ರಿ, ಪಾರಾ!” ಎಂದೆ. ತಯಾರಾಗಿದೆ ಎಂಬರ್ಥದಲ್ಲಿ.

ಸಾಹೇಬರು ಕುರ್ಚಿಯಿಂದ ಎದ್ದುನಿಂತರು. “ಯಾರ್ರೀ ಪಾರಾದ್ದು? ಹಿಡೀರಿ!”

ಇಡೀ ಕಚೇರಿ ಹೊಟ್ಟೆ ಹಿಡಿದು ನಕ್ಕಿತು. ನಕ್ಕವರಲ್ಲಿ ಎಲ್ಲರಿಗಿಂತ ಜೋರು ವಾಹೀದ. ಸಾಹೇಬರು ಆಮೇಲೆ ಅದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ಹೇಳಿದರು, ಎರಡು ಸಲ. ನನ್ನ ಕಿವಿ ಸುಡುತ್ತಿದ್ದವು, ಒಂದೂ ಒಳಗೆ ಇಳಿಯಲಿಲ್ಲ. ಮತ್ತೆ ಕೇಳಲು ತರ್ಜುಮೆದಾರನ ಪದವಿ ಅಡ್ಡ ಬಂತು. ಜೀವವಿರುವ ತನಕ ಸಾಹೇಬರ ಎದುರು ಪಾರಾ ಎಂಬ ಶಬ್ದ ಎತ್ತುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದೇನೆ.

ಸಾಹೇಬರು ಭಾಲ್ಕಿ, ಔರಾದ ಕಡೆ ತಿರುಗಾಟಕ್ಕೆ ಹೊರಟರು. ತಾವು ಬರುವ ತನಕ ಮುಂಜಾನೆ ನೀರು ಬಿಟ್ಟಾಗ ಕೊಳವೆ ನೋಡಿಕೊಂಡಿರಲು ವಾಹೀದನಿಗೇ ಹೇಳಿದ್ದಾರೆ. ಕಳ್ಳನ ಕೈಗೇ ಲಾಟೀನು ಎಂದು ಕೇಶರಬಾಯಿ ಓಣಿ ತುಂಬ ಹೇಳುತ್ತಿದ್ದಾಳೆ.

೨ ಜನವರಿ ೧೯೫೭, ಬುಧವಾರ

ಇಂದು ವಿಚಾರಣೆ. ಸಾಹೇಬರು ಕುರ್ಚಿಯಲ್ಲಿ, ವಾಹೀದ ಎದುರಿಗೆ, ಸೇತುವೆಯು ನಡುವೆ.

“ಕೊಳವೇಲಿ ಏನು ನೋಡಿದ? ಕೇಳಿ.”

ನಾನು ಕೇಳಿದೆ. ವಾಹೀದ ಎರಡೂ ಕೈ ಎತ್ತಿ, ಒಂದನ್ನು ಮೇಲೆ, ಒಂದನ್ನು ಕೆಳಗೆ ಹಿಡಿದು ತೋರಿಸಿದ. “ರೋಜ್ ಏಕೀಚ್ ಹೈ. ಶಹರ್ ಕೆ ಬಾಜೂ ಪಾರಾ ಚಡ್ತಾ, ಮೈಲೂರ್ ಕೆ ಬಾಜೂ ಉತರ್ತಾ.”

ದಿನಾ ಒಂದೇ ರೀತಿ. ಶಹರದ ಬದಿಗೆ ಪಾರಾ ಏರುತ್ತದೆ, ಮೈಲೂರ ಬದಿಗೆ ಇಳಿಯುತ್ತದೆ.

ಬಾಗಿಲಾಚೆ ನರಸಿಂಗ ಆಗಲೇ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದ, ನಾನು ಯಾವಾಗ ಪಾರಾ ಅನ್ನುತ್ತೇನೋ ಎಂದು. ನಾನು ಬಲೆಗೆ ಬೀಳಲಿಲ್ಲ. ಪಾರಾ ಏರಿದೆ ಎಂದರೆ ಅರ್ಥವೇನು? ನಮ್ಮ ಕಡೆ ಯಾರಿಗಾದರೂ ಸಿಟ್ಟು ಬಂದರೆ ಪಾರಾ ಏರಿತು ಅನ್ನುತ್ತೇವೆ. ಏರಿದ ಕಡೆ ಜೋರು, ಇಳಿದ ಕಡೆ ತಣ್ಣಗೆ. ಹೀಗಾಗಿ ಆ ಶಬ್ದವನ್ನು ಸೊಗಸಾಗಿ ಹಾರಿ ದಾಟಿದೆ. “ದಿನಾಲೂ ಶಹರದ ಕಡಿ ಒತ್ತಡ ಏರ್ತದಂತ್ರಿ ಸರ್. ಮೈಲೂರ ಕಡಿ ಇಳೀತದಂತ್ರಿ.”

ಸಾಹೇಬರು ಕನ್ನಡಕ ತೆಗೆದರು. “ಹಂಗಾದ್ರೆ ಮೈಲೂರಿನ ವಾಲ್ವ್ ಇವನೇ ಅಮುಕಿದಾನೆ. ತಾನೇ ಒಪ್ಕೊಂಡ ಹಂಗಾಯ್ತಲ್ಲ.”

ಒತ್ತಡ ಎಂಬ ಹೊಸ ಶಬ್ದ ವಾಹೀದನಿಗೆ ತಿಳಿಯಲಿಲ್ಲ, ಸಾಹೇಬರ ದನಿ ಬದಲಾದದ್ದು ತಿಳಿಯಿತು. ನನ್ನ ಕಡೆ ನೋಡಿ, “ಬರಾಬರ್ ಬೋಲೆ ನಾ, ಮಚ್ಛೇಂದರ್ ಭಾಯಿ?” ಎಂದು ಕೇಳಿದ. ಸರಿಯಾಗಿ ಹೇಳಿದಿರಿ ತಾನೆ?

“ಬರಾಬರ್ ಬೋಲ್ಯಾ,” ಅಂದೆ.

ವಾಹೀದನ ಕೈಯಿಂದ ಚಾವಿ ತೆಗೆದುಕೊಂಡರು. ಮುಂದಿನ ಹುಕುಮಿನ ತನಕ ಮನೆಯಲ್ಲಿರತಕ್ಕದ್ದು. ಇದೇ ತಿಂಗಳು ಇಪ್ಪತ್ತೈದಕ್ಕೆ ಖಾಯಂ ನೌಕರರ ಯಾದಿ ಬೆಂಗಳೂರಿಗೆ ಹೋಗುತ್ತದೆ. ಅದರಲ್ಲಿ ಹೆಸರಿಲ್ಲದವನು ಹೊಸ ರಾಜ್ಯಕ್ಕೆ ಹುಟ್ಟೇ ಇಲ್ಲದವನು. ಪಾಪ ಅನ್ನಿಸಿತು. ಆದರೆ ಅನ್ಯಾಯ ಮಾಡಿದವರು ಯಾರೇ ಆಗಲಿ.

೩ ಜನವರಿ, ಗುರುವಾರ

ಮೈಲೂರಿನಲ್ಲಿ ನನ್ನ ಕೀರ್ತಿ ನೀರಿನ ಹಾಗೆ ಹರಿಯುತ್ತಿದೆ. ನೀರಂತೂ ಇನ್ನೂ ಹರಿಯುತ್ತಿಲ್ಲ, ಅದೂ ನಾಳೆ ನಾಡಿದ್ದರಲ್ಲಿ ಹರಿದೀತು. ಕೇಶರಬಾಯಿ ಒಂದು ಬಟ್ಟಲು ಹೆಸರಿನ ಉಂಡೆ ಕಳಿಸಿದಳು. “ಮಚ್ಛೇಂದ್ರಣ್ಣ ಇದ್ದದ್ದಕ್ಕ ಖರೆ ಹೊರಗ ಬಂತು” ಎಂದು ಓಣಿಯ ಕೊನೆಯ ತನಕ ಕೇಳುವ ಹಾಗೆ ಕೂಗಿದಳು. ಉಂಡೆ ಚೆನ್ನಾಗಿದ್ದವು.

ಅಂಜನಾಬಾಯಿ ಮುಟ್ಟಲಿಲ್ಲ. ಹಲ್ಲು ನೋವಂತೆ.

೮ ಜನವರಿ, ಮಂಗಳವಾರ

ವಾಹೀದನ ಜಾಗಕ್ಕೆ ಮಾಣಿಕ ಎಂಬವನನ್ನು ಹಾಕಿದ್ದಾರೆ. ಮಾಣಿಕ ಮೈಲೂರವನೇ, ನಮ್ಮವನೇ. ಮೈಲೂರಿನ ವಾಲ್ವನ್ನು ಪೂರ್ತಿ ಬಿಟ್ಟು, ಶಹರದ್ದನ್ನು ಅರ್ಧ ಮುಚ್ಚಿದ್ದಾನೆ. ಆದರೂ ನಳದಲ್ಲಿ ಗಾಳಿ.

“ನಿಮ್ಮವ ಬಂದ ಮ್ಯಾಲೂ ನೀರ್ ಬರವಲ್ದಲ್ರಿ,” ಎಂದಳು ಅಂಜನಾಬಾಯಿ.

“ಹೊಸಬ ಅದಾನ. ಕೈ ಕೂಡಬೇಕಲ್ಲ?”

“ತಿರುವೋ ವಾಲಿಗಿ ಕೈ ಕೂಡೋದೇನದರಿ? ನಾ ತಿರುವ್ಲೇನು?”

ಶಹರದಲ್ಲೂ ಈಗ ನೀರು ಕಡಿಮೆಯಾಗಿದೆಯಂತೆ. ಸಮಾನತೆ ಸ್ಥಾಪನೆಯಾದಂತಾಯಿತು.

೧೦ ಜನವರಿ, ಗುರುವಾರ

ಸಾಹೇಬರು ಕೊಳವೆಯನ್ನು ಬಿಚ್ಚಿ, ಪಾರಾವನ್ನು ಶೀಸೆಗೆ ಸುರಿದು, ಗಾಜನ್ನು ಹಳೆಯ ಧೋತರದಲ್ಲಿ ಸುತ್ತುತ್ತಿದ್ದರು. ಇರುವುದು ಒಂದೇ ಕೊಳವೆ, ಭಾಲ್ಕಿಯಲ್ಲೂ ಔರಾದದಲ್ಲೂ ಕೆಲಸವಿದೆ. ನಾನು ಹಗ್ಗ ಹಿಡಿದುಕೊಂಡಿದ್ದೆ. ಸುಮ್ಮನಿರಲಾರದೆ, “ಇದು ಹ್ಯಾಂಗ ತೋರಸ್ತದ್ರಿ ಸರ್?” ಎಂದು ಕೇಳಿದೆ.

“ಸುಲಭ ಕಣ್ರೀ. ಎರಡು ಪೈಪಿನ ನೀರೂ ಎರಡು ಕಡೆಯಿಂದ ಪಾದರಸಾನ ಒತ್ತುತ್ತೆ. ಯಾವ ಕಡೆ ಒತ್ತಡ ಜಾಸ್ತಿನೋ ಆ ಕಡೆ ಪಾದರಸ ತಗ್ಗುತ್ತೆ, ಇನ್ನೊಂದು ಕಡೆ ಮೇಲೇಳುತ್ತೆ. ಮಂಚದ ತುದೀಲಿ ದಪ್ಪಗಿರೋರು ಕೂತ್ರೆ ಈ ತುದಿ ಏಳಲ್ವಾ, ಹಂಗೆ.”

ಪಾದರಸ. ಹೌದು, ಅದೇ ಶಬ್ದ.

“ಅಂದ್ರ… ಏರಿದ ಕಡಿ?”

“ಏರಿದ ಕಡೆ ಒತ್ತಡ ಕಡಿಮೆ. ಇಳಿದ ಕಡೆ ಜಾಸ್ತಿ. ವಾಲ್ವ್ ಬಿಟ್ಟಿದ್ದೂ ಮುಂದೆ ಎಲ್ಲೋ ಪೈಪು ಕಟ್ಟಿಕೊಂಡಿದ್ರೆ ನೀರು ಹರಿಯಕ್ಕೆ ದಾರಿ ಇಲ್ದೆ ನಿಂತು ಒತ್ತುತ್ತೆ ನೋಡಿ, ಆಗ ಆ ಕಡೆ ಒತ್ತಡ ಜಾಸ್ತಿ ಆಗಿ ಪಾದರಸ ಇಳಿದುಬಿಡುತ್ತೆ. ಹಗ್ಗ ಬಿಗಿಯಾಗಿ ಹಿಡೀರಿ.”

ಹಗ್ಗ ಬಿಗಿಯಾಗಿ ಹಿಡಿದೆ. ಸಾಹೇಬರು ಸಂಜೆಯ ಗಾಡಿಗೆ ಹೋದರು.

೧೧ ಜನವರಿ, ಶುಕ್ರವಾರ

ಬರೆಯುವಂಥದ್ದು ಏನೂ ಆಗಲಿಲ್ಲ. ಚಳಿ ಇದೆ.

೧೨ ಜನವರಿ, ಶನಿವಾರ

ಒಳಗೇ ಒಂದು ಕೋರ್ಟು ಕೂಡಿಸಿದೆ. ಫಿರ್ಯಾದಿ ನಾನು, ಆರೋಪಿ ನಾನು, ವಕೀಲನೂ ನಾನೇ. ವಕೀಲ ಒಳ್ಳೆಯ ವಾದ ಮಾಡಿದ. ನನ್ನ ಕಕ್ಷಿದಾರ ಇಂಜಿನಿಯರಲ್ಲ ಸ್ವಾಮಿ. ಏರಿದ್ದನ್ನು ಏರಿದೆ ಎಂದಿದ್ದಾನೆ, ಇಳಿದದ್ದನ್ನು ಇಳಿದಿದೆ ಎಂದಿದ್ದಾನೆ. ನಡುವೆ ಒಂದು ಶಬ್ದ ಹೆಚ್ಚುಕಡಿಮೆಯಾದರೆ ಅದು ಭಾಷಾವಾರು ಪ್ರಾಂತ್ಯದ ಸಮಸ್ಯೆ. ಮೇಲಾಗಿ ಅವನು ಈಗ ಹೋಗಿ ಹೇಳಿದರೆ ತರ್ಜುಮೆದಾರನ ಪದವಿ ಹೋಗುತ್ತದೆ. ಮೈಲೂರಿನಲ್ಲಿ ತಲೆ ಎತ್ತುವ ಹಾಗಿಲ್ಲ.

ಕಟಕಟೆಯಲ್ಲಿದ್ದ ಆರೋಪಿಗೆ ಮಾತ್ರ ಆ ವಾದ ಕೇಳಿಸಲಿಲ್ಲ. ವಾಹೀದ ಕೇಳಿದ ಒಂದು ಮಾತಿಗೆ ತಾನು ಕೊಟ್ಟ ಉತ್ತರ ಅವನಿಗೆ ಪದೇ ಪದೇ ಕೇಳಿಸುತ್ತಿತ್ತು. ತೀರ್ಪು ಕಾದಿರಿಸಲಾಗಿದೆ.

೧೪ ಜನವರಿ, ಸೋಮವಾರ. ಸಂಕ್ರಾಂತಿ

ಕುಸುರೆಳ್ಳು ಕೊಟ್ಟು, “ಎಳ್ಳು ತಗೋರಿ, ಛಲೋ ಮಾತಾಡ್ರಿ” ಎಂದು ಹೇಳುವುದು ನಮ್ಮ ಕಡೆಯ ರೂಢಿ. ಹೋದ ವರ್ಷದ ಮುನಿಸುಗಳೆಲ್ಲ ಅಲ್ಲಿಗೆ ಖಲಾಸು. ಪ್ರತಿ ವರ್ಷ ಮೊದಲ ಎಳ್ಳು ನಾನು ಒಯ್ದು ಕೊಡುವುದು ವಾಹೀದನಿಗೆ. ಈ ಸಲ ಕಚೇರಿಯ ಕೆಲಸ ಬಹಳ ಇದೆ ಎಂದುಕೊಂಡು ಮನೆಯಲ್ಲೇ ಕೂತಿದ್ದೆ. ಇವತ್ತು ಕಚೇರಿಗೆ ರಜೆ.

ಮಧ್ಯಾಹ್ನ ಬಾಗಿಲಲ್ಲಿ ವಾಹೀದ. ಒಗೆದ ಶೇರವಾನಿ, ತಲೆಗೆ ಟೋಪಿ. ಕೇಶರಬಾಯಿ ತನ್ನ ಕಟ್ಟೆಯ ಮೇಲಿಂದ, “ಬಂದ ನೋಡ್ರಿ ಪಾಣಿಚೋರ” ಎಂದಳು. ಅವನು ಆ ಕಡೆ ತಿರುಗಿ ಸಲಾಮು ಮಾಡಿ ಒಳಗೆ ಬಂದ.

“ಪ್ರತಿ ವರ್ಷ ನೀವು ಬರ್ತಿದ್ರಿ, ಭಾಯಿ. ಈ ವರ್ಷ ಬರ್ಲಿಲ್ಲ. ನಮ್ಮ ಮನಿಯಾಕಿ ಕುಲಸುಮಬೀ ಅಂದ್ಳು, ಅವರಿಗಿ ಮುಜುಗರ ಆಗಿರಬೇಕು, ನೀವೇ ಹೋಗಿ ತಗೊಂಡು ಬರ್ರಿ ಅಂತ. ಎಳ್ಳ್ ಕೊಡ್ರಿ.”

ಅಂಜನಾಬಾಯಿ ತಟ್ಟೆ ತಂದು ನನ್ನ ಕೈಗೆ ಕೊಟ್ಟಳು. ನಾನು ಒಂದು ಹಿಡಿ ಎತ್ತಿ ಅವನ ಬೊಗಸೆಗೆ ಹಾಕಿದೆ. ಅವನು ಕೈ ಮುಚ್ಚಲಿಲ್ಲ.

“ಹೇಳ್ರಿ.”

“ಏನು?”

“ಹೇಳೋದು ಹೇಳ್ರಿ. ಹೇಳದೆ ಎಳ್ಳ್ ಹ್ಯಾಂಗ ತಗೋಲಿ?”

ಎಳ್ಳು ತಗೋರಿ ಎಂಬಷ್ಟು ಬಂತು. ಮುಂದಿನದು ಬರಲಿಲ್ಲ. ಛಲೋ ಮಾತಾಡು ಎಂದು ಇವನಿಗೆ ಹೇಳಲು ನಾನು ಯಾರು? ಕೆಮ್ಮಿದೆ, ನೀರು ಕುಡಿದೆ. ಬಾವಿಯ ನೀರು.

ವಾಹೀದ ತಾನೇ ನನ್ನ ಪಾಲಿನದನ್ನೂ ಸೇರಿಸಿ ಹೇಳಿಕೊಂಡು ಎಳ್ಳು ಬಾಯಿಗೆ ಹಾಕಿಕೊಂಡ. ಹೋಗುವಾಗ ಕೇಳಿದ, “ಯಾದಿ ಇಪ್ಪತ್ತೈದಕ್ಕ ಹೋಗ್ತದಂತ ಖರೆ ಏನು?”

“ಖರೆ.”

“ನೀವು ಸಾಹೇಬರಿಗಿ ಒಂದ್ ಮಾತ ಹೇಳಿ ನೋಡ್ರಿ, ಭಾಯಿ. ನನ್ನ ಮಾತು ಅವರಿಗಿ ತಿಳಿಯಂಗಿಲ್ಲ.”

೧೫ ಜನವರಿ, ಮಂಗಳವಾರ

ಮುಂಜಾನೆ ಅಂಜನಾಬಾಯಿಗೆ ಎಲ್ಲ ಹೇಳಿದೆ. ಆಕೆ ಎದ್ದು ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿದಳು. “ಗಾಡಿ ತಪ್ಪೀತು, ಹೊಂಡ್ರಿ,” ಅಂದಳು.

ಭಾಲ್ಕಿಯಲ್ಲಿ ಇಳಿದಾಗ ಸಾಹೇಬರು ಆಗಲೇ ಔರಾದಕ್ಕೆ ಹೋಗಿದ್ದರು. ಸೇತುವೆಯು ಹೊಳೆಯನ್ನು ಹುಡುಕಿಕೊಂಡು ತಿರುಗುತ್ತಿದೆ. ಔರಾದಕ್ಕೆ ನೆಟ್ಟಗೆ ಮೋಟಾರು ಇಲ್ಲವಂತೆ, ನಾಳೆ ಒಂದು ಬರಬಹುದಂತೆ, ಬರದೆಯೂ ಇರಬಹುದಂತೆ. ಸಾಲೆಯ ದಿನಗಳ ಒಬ್ಬ ಪರಿಚಯದವರ ಮನೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಅವರ ಮುಂದೆ ಸರಕಾರಿ ಕೆಲಸ ಎಂದು ಹೇಳಿದ್ದೇನೆ. ಹೇಳಿದ ಮೇಲೆ, ಅಲ್ಲ, ನನ್ನ ಸ್ವಂತ ಕೆಲಸ ಎಂದೆ. ಯಾಕೆ ತಿದ್ದಿದೆನೋ ಗೊತ್ತಿಲ್ಲ.

೧೭ ಜನವರಿ, ಗುರುವಾರ

ನಿನ್ನೆ ಔರಾದ ಮುಟ್ಟಿದೆ. ಮೋಟಾರಿನಲ್ಲಿ ನನ್ನ ಪಕ್ಕ ಒಂದು ಆಡು ಕೂತಿತ್ತು.

ಸಾಹೇಬರು ಮುಸಾಫಿರಖಾನೆಯ ಪಡಸಾಲೆಯಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ನೆನೆ ಹಾಕಿಕೊಂಡು ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಅವನು ಅಂದದ್ದು, ಶಹರದ ಕಡೆ ಪಾದರಸ ಏರುತ್ತದೆ, ಮೈಲೂರ ಕಡೆ ಇಳಿಯುತ್ತದೆ ಎಂದು. ನಾನು ಅಂದದ್ದು ಒತ್ತಡ ಎಂದು. ಪಾದರಸ ಎಂಬ ಶಬ್ದ ನನಗೆ ಬರುತ್ತಿರಲಿಲ್ಲ. ಪಾರಾ ಅಂದರೆ ನಗುತ್ತಾರೆಂದು ಅನ್ನಲಿಲ್ಲ.

ಸಾಹೇಬರು ಹಾಲಿನ ಬಟ್ಟಲನ್ನು ಪಕ್ಕಕ್ಕೆ ಇಟ್ಟರು.

“ನಗ್ತಾರೆ ಅಂತ?”

“ಹೌದ್ರಿ.”

“ನಗ್ತಾರೆ ಅಂತ ಒಬ್ಬ ಮನುಷ್ಯನ ಅನ್ನ ಕಿತ್ಕೊಂಡ್ರಲ್ರೀ. ನಾನೂ ಅಷ್ಟೇ. ಹೋಗಿ ಕಣ್ಣಲ್ಲಿ ನೋಡೋದು ಬಿಟ್ಟು ಕಿವೀಲಿ ಕೇಳಿ ಹುಕುಂ ಬರೆದೆ” ಅಂದರು.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಇಲ್ಲಿ ಬರೆದುಕೊಳ್ಳಲು ನಾಲ್ಕು ಸಾಲು ಸಿಗುತ್ತಿತ್ತು.

“ನೀವು ಹೇಳಿದ್ದನ್ನೂ ಈಗ ನಾನು ನಂಬಕ್ಕಾಗಲ್ಲ. ಬೀದರಕ್ಕೆ ಹೋಗಿ ಕೊಳವೆ ಹಾಕಿ ನೋಡೋಣ. ಪಾದರಸ ಇಳಿದದ್ದು ಮೈಲೂರ ಕಡೇನೇ ಆದ್ರೆ, ಆ ಜನರ ಮುಂದೆ ನೀವೇ ಹೋಗಿ ಹೇಳ್ಬೇಕು. ನಾನು ಹೇಳಲ್ಲ.”

ವಾಪಸು ಬರುವಾಗ ದಾರಿಯುದ್ದಕ್ಕೂ ಕೊಳವೆಯ ಗಂಟು ನನ್ನ ತೊಡೆಯ ಮೇಲೆ ಇತ್ತು. ಹಳ್ಳ ಬಂದಾಗಲೆಲ್ಲ ಎತ್ತಿ ಹಿಡಿದೆ.

೨೧ ಜನವರಿ, ಸೋಮವಾರ

ಪಾದರಸ ಮೈಲೂರ ಕಡೆ ಇಳಿಯಿತು. ಶಹರದ ಕಡೆ ಏರಿತು. ನಾನೇ ನೋಡಿದೆ.

ಶನಿವಾರದಿಂದ ಮೈಲೂರ ಪೈಪಿನ ಗುಂಟ ಅಗೆದರು. ದಾರಿಯಲ್ಲಿ ಒಂದು ಅರಳಿ ಮರ. ಅದರ ಬೇರು ಪೈಪಿನ ಸಂದಿಯಲ್ಲಿ ಕೂದಲೆಳೆಯಷ್ಟು ಒಳಗೆ ಹೋಗಿ, ಅಲ್ಲಿ ನೀರು ಕಂಡು ಜಡೆಯಷ್ಟು ದಪ್ಪ ಬೆಳೆದಿತ್ತು. ಎಳೆದು ಹೊರಗೆ ಹಾಕಿದರೆ ಎರಡು ಮೊಳ ಉದ್ದ. ನೋಡಲು ನೆರೆದಿದ್ದ ಹೆಂಗಸರ ಮುಂದೆ ನಾನು ಕಲ್ಲಿನ ಮೇಲೆ ಹತ್ತಿ ನಿಂತೆ. ಭಾಷಣ ತಯಾರು ಮಾಡಿಕೊಂಡಿದ್ದೆ, ಪುರಾಣದ ಕನ್ನಡದಲ್ಲಿ. ಬಾಯಿಗೆ ಬಂದದ್ದು ಇಷ್ಟು:

“ವಾಹೀದ ವಾಲ್ವ್ ಮುಚ್ಚಿರಲಿಲ್ಲ. ಅವ ಖರೆ ಹೇಳಿದ್ದ. ನಾ ಸಾಹೇಬರಿಗಿ ತಪ್ಪು ಹೇಳ್ದೆ.”

ಮೊದಲು ಬಾಯಿ ತೆರೆದವಳು ಕೇಶರಬಾಯಿಯೇ.

“ಅಂದ್ರ ನಾ ಹಬ್ಬದ ದಿನ ಅವನಿಗಿ ಚೋರ ಅಂದದ್ದು ನಿನ್ನ ಮಾತ ಕೇಳಿ?”

“ಹೌದು.”

“ನೀ ಆಗ ಮನ್ಯಾಗ ಕುಂತು ಕೇಳ್ಲತ್ತಿದ್ದಿ?”

“ಹೌದು, ಕೇಶರಕ್ಕಾ.”

“ಆವಾಗ ನಿನಗ ಗೊತ್ತಿತ್ತು?”

ಇದಕ್ಕೆ ಉತ್ತರ ಹೇಳುವುದು ಕಷ್ಟವಾಯಿತು. ಹೇಳಿದೆ.

“ನನ್ನ ಉಂಡಿ ವಾಪಸ್ ಕೊಡು!” ಎಂದು ಆಕೆ ಕಿರುಚಿದಳು. ನಾಲ್ಕು ಜನ ನಕ್ಕರು. ಆಕೆ ನಗಲಿಲ್ಲ. ಸೆರಗು ಬಿಗಿದುಕೊಂಡು ನೆಟ್ಟಗೆ ವಾಹೀದನ ಮನೆಯ ದಾರಿ ಹಿಡಿದಳು.

ತರ್ಜುಮೆಯ ಕೆಲಸಕ್ಕೆ ಕಲಬುರ್ಗಿಯಿಂದ ಬೇರೆಯವರನ್ನು ಕರೆಸುತ್ತಾರಂತೆ. ನನ್ನ ಹಳೆಯ ಕುರ್ಚಿ ಎಲ್ಲಿ ಹೋಗಿದೆಯೋ, ಹುಡುಕಬೇಕು.

೨೪ ಜನವರಿ, ಗುರುವಾರ

ಯಾದಿಯಲ್ಲಿ ವಾಹೀದನ ಹೆಸರು ಹಚ್ಚಿದರು. ಚಾವಿ ಅವನ ಕೈಗೆ ಬಂತು. ಮಾಣಿಕ ಸಂತೋಷದಿಂದಲೇ ಕೊಟ್ಟ. ಹದಿನೈದು ದಿನದಲ್ಲಿ ಅವನಿಗೆ ಎರಡೂ ಕಡೆಯವರು ಬೈದಿದ್ದರು.

ನಾನು ಟಾಕಿಯ ಕೋಣೆಗೆ ಹೋದೆ. ಹೇಳಬೇಕೆಂದಿದ್ದುದು ಬಹಳ ಇತ್ತು. ವಾಹೀದ ಚಾವಿಗೆ ಎಣ್ಣೆ ಸವರುತ್ತಿದ್ದ.

“ವಾಹೀದ ಭಾಯಿ, ನನ್ನಿಂದ…”

“ಗೊತ್ತದ. ಕೇಶರಕ್ಕ ಬಂದಿದ್ಲು. ಉಂಡಿ ತಂದಿದ್ಲು.” ಅವನು ಎಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. “ನೀವ್ ಔರಾದಕ್ಕ ಹೋಗಿದ್ದು ಭೀ ಗೊತ್ತದ. ಮೆಹರ್ಬಾನಿ, ಸಾಬ್.”

ಪದವಿ ಇದ್ದಾಗ ಭಾಯಿ ಆಗಿದ್ದವನು ಪದವಿ ಹೋದ ಮೇಲೆ ಸಾಬ್ ಆಗಿದ್ದೇನೆ. ಇದನ್ನು ಬಡ್ತಿ ಎಂದು ಬರೆದುಕೊಳ್ಳಲೇ? ಬೇಡ. ಅವನು ಸಾಬ್ ಅಂದ. ಅಷ್ಟೇ ಬರೆಯುತ್ತೇನೆ.

ನಾನು ಹೊರಡುವಾಗ ಅವನು ಕರೆದ. “ಒಂದು ಕೆಲಸ ಅದ. ನಾಳಿ ಮೈಲೂರ ಪೈಪಿನ ಆ ಸಂದಿಗಿ ಸೀಸ ಹಾಕೋದದ. ಮುಂಜಾನಿಂದ ಮಧ್ಯಾಹ್ನದ ತನಾ ನೀರು ಬಂದ್. ಇವತ್ತೇ ತುಂಬಿಟ್ಟುಕೋ ಅಂತ ಮನಿ ಮನಿಗಿ ಹೇಳಬೇಕು. ನೀವು ಹೇಳ್ತೀರೇನು?”

“ನಾನಾ?”

“ನೀವು ಅಲ್ಲೇ ಇರ್ತೀರಿ. ಏನ್ ಹೇಳ್ತೀರಿ, ಹೇಳ್ರಿ ನೋಡೋಣ.”

ಹೇಳಿ ತೋರಿಸಿದೆ. ಅವನು ಕೇಳಿ ತಲೆಯಾಡಿಸಿದ.

ಸಂಜೆ ನಳದಲ್ಲಿ ನೀರು ಬರುತ್ತಿತ್ತು. ಅಂಜನಾಬಾಯಿ ಹಂಡೆ ತುಂಬಲು ಇಟ್ಟು, ನನ್ನನ್ನು ಹೊರಗೆ ದಬ್ಬಿದಳು. ಕತ್ತಲಾಗುವ ತನಕ ನಾನು ಕೇಶರಬಾಯಿಯ ಓಣಿಯನ್ನೂ ಅದರ ಹಿಂದಿನ ಓಣಿಯನ್ನೂ ಮುಗಿಸಿದೆ. ಎರಡು ಬಾಗಿಲು ನನ್ನ ಮುಖ ನೋಡಿ ಹಾಕಿಕೊಂಡವು. ಹೊರಗೆ ನಿಂತೇ ಹೇಳಿ ಬಂದೆ. ಬಾವಿಯ ಆಚೆಯ ಮನೆಗಳು ಉಳಿದಿವೆ, ಮತ್ತೆ ಹೊರಡಬೇಕು. ಗಂಟಲು ಕೂತಿದೆ.

ಅದಕ್ಕೇ, ಈ ಪುಟದ ಮೇಲೆ ಯಾರ ಕಣ್ಣಾದರೂ ಬಿದ್ದರೆ, ಅವರಲ್ಲಿ ಒಂದು ಬೇಡಿಕೆ. ಬಾವಿಯ ಆಚೆ ನಿಮ್ಮವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿರಿ: ನಾಳೆ ಮುಂಜಾನೆಯಿಂದ ಮಧ್ಯಾಹ್ನದ ತನಕ ನಳದ ನೀರು ಬಂದ್, ಇವತ್ತೇ ತುಂಬಿಟ್ಟುಕೊಳ್ಳಿ, ವಾಹೀದ ಹೇಳಿದ್ದಾನೆ. ಯಾವ ಭಾಷೆಯಲ್ಲಾದರೂ ಹೇಳಿರಿ. ನಿಮ್ಮ ಕಡೆಯಿಂದ ಒಂದು ಶಬ್ದವನ್ನೂ ಸೇರಿಸಬೇಡಿ.